ದ್ವಿಚಕ್ರ ವಾಹನದಲ್ಲಿ ಪರವಾನಗಿ ಪಿಸ್ತೂಲು ಒಯ್ಯುವಿಕೆ (ರಾಮನಗರ ಸೀಮೆ)

ದ್ವಿಚಕ್ರ ವಾಹನದಲ್ಲಿ ಪರವಾನಗಿ ಪಿಸ್ತೂಲು ಒಯ್ಯುವಿಕೆ ಎಂದರೆ ಸರ್ಕಾರದಿಂದ ಪರವಾನಗಿ ಪಡೆದ ವ್ಯಕ್ತಿಯೊಬ್ಬನು ತನ್ನ ಪಿಸ್ತೂಲನ್ನಾಗಲಿ ರಿವಾಲ್ವರನ್ನಾಗಲಿ ಮೋಟಾರು ಸೈಕಲ್ ಅಥವಾ ಸ್ಕೂಟರಿನ ಪ್ರಯಾಣದಲ್ಲಿ ಕಾನೂನುಬದ್ಧವಾಗಿ ಜೊತೆಯಲ್ಲಿ ಇರಿಸಿಕೊಳ್ಳುವುದು. ಭಾರತದಲ್ಲಿ ಇದಕ್ಕೆಂದೇ ರಚಿತವಾದ ಪ್ರತ್ಯೇಕ ಕಾಯ್ದೆ ಇಲ್ಲ. 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳು, ಪರವಾನಗಿ ಪತ್ರದಲ್ಲಿಯೇ ಮುದ್ರಿತವಾಗಿರುವ ಷರತ್ತುಗಳು ಹಾಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವೆಲ್ಲವೂ ಸೇರಿ ಈ ವಿಷಯವನ್ನು ನಿಯಂತ್ರಿಸುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಅರಣ್ಯ, ಹೆದ್ದಾರಿ ಮತ್ತು ಮಹಾನಗರದ ಅಂಚು ಮೂರೂ ಒಂದೇ ದಿನದ ಬೈಕ್ ಪ್ರಯಾಣದೊಳಗೆ ಬರುವುದರಿಂದ ಈ ಕಾನೂನುಗಳು ಒಂದರ ಮೇಲೊಂದು ಅನ್ವಯವಾಗುತ್ತವೆ. ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಆಯುಧವನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದೆಂಬ ತಿಳಿವಳಿಕೆ ಜನರಲ್ಲಿ ವ್ಯಾಪಕವಾಗಿದ್ದರೂ ಅದು ಸರಿಯಲ್ಲ.

ಪ್ರದೇಶದ ಹಿನ್ನೆಲೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಹಾರೋಹಳ್ಳಿಯು ಅನಂತರ ಪ್ರತ್ಯೇಕ ತಾಲ್ಲೂಕಾಯಿತು. 2025ರ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿತು. ಜಿಲ್ಲಾ ಕೇಂದ್ರವು ರಾಮನಗರ ಪಟ್ಟಣದಲ್ಲಿಯೇ ಉಳಿದಿದೆ. ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ, ಚನ್ನಪಟ್ಟಣವು ಅರಗಿನ ಬಣ್ಣದ ಮರದ ಬೊಂಬೆಗಳಿಗೆ, ಕನಕಪುರವು ರೇಷ್ಮೆ ಮತ್ತು ಕಲ್ಲುಗಣಿಗಳಿಗೆ, ಮಾಗಡಿಯು ಕೆಂಪೇಗೌಡರ ವಂಶದ ನೆನಪಿಗೆ ಹೆಸರಾಗಿವೆ. ರಾಮನಗರದ ಬೆಟ್ಟಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರದ ಕಾರಣದಿಂದ ಈ ಊರಿನ ಹೆಸರಿನೊಡನೆ ಬಂದೂಕು ಹಿಡಿದ ಡಕಾಯಿತರ ಚಿತ್ರವೂ ಹೊರಗಿನವರ ಮನಸ್ಸಿನಲ್ಲಿ ಬೆರೆತಿದೆ. ಈ ಸೀಮೆಯ ನಿಜವಾದ ಬಂದೂಕು ಬಹುಮಟ್ಟಿಗೆ ರೈತನ ಬೆಳೆ ರಕ್ಷಣೆಯ ಕೋವಿಯೇ ಹೊರತು ಸೊಂಟದ ಪಿಸ್ತೂಲಲ್ಲ.

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಮತ್ತು ಕಾವೇರಿ ವನ್ಯಜೀವಿ ಧಾಮಗಳ ಅಂಚಿನ ಹಳ್ಳಿಗಳಿಗೆ ಕಾಡಾನೆಗಳು ಬರುವುದು ಇಲ್ಲಿನ ಹಳೆಯ ಸಮಸ್ಯೆ. ರಾಗಿಯು ತೆನೆಗಟ್ಟುವ ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಕನಕಪುರ ಮತ್ತು ಚನ್ನಪಟ್ಟಣ ತಾಲ್ಲೂಕುಗಳ ರೈತರು ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಾರೆ. ಕೋವಿಯ ಪ್ರಯೋಜನ ಅಲ್ಲಿ ಸದ್ದು ಮಾಡಿ ಪ್ರಾಣಿಗಳನ್ನು ಬೆದರಿಸುವುದಕ್ಕೆ ಸೀಮಿತ. ಆನೆಯು ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿದ ಪ್ರಾಣಿ. ಬೆಳೆ ಉಳಿಸಿಕೊಳ್ಳುವ ಕಾರಣಕ್ಕೆ ಅದರ ಮೇಲೆ ಗುಂಡು ಹಾರಿಸಲು ಯಾವ ಪರವಾನಗಿಯೂ ಅನುಮತಿ ಕೊಡುವುದಿಲ್ಲ.

ಪಿಸ್ತೂಲು ಮತ್ತು ಕೋವಿ: ಕಾನೂನಿನ ವ್ಯತ್ಯಾಸ

ಆಯುಧ ಕಾಯ್ದೆಯ 3ನೆಯ ಪ್ರಕರಣದ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಹೊಂದುವಂತಿಲ್ಲ, ಒಯ್ಯುವಂತಿಲ್ಲ. ಆದರೆ ಎಲ್ಲ ಬಂದೂಕುಗಳೂ ಕಾಯ್ದೆಯ ದೃಷ್ಟಿಯಲ್ಲಿ ಒಂದೇ ಅಲ್ಲ. 13ನೆಯ ಪ್ರಕರಣವು ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದ, ಮೂತಿಯಿಂದ ಮದ್ದು ತುಂಬುವ ಕೋವಿಗೂ, ರಕ್ಷಣೆ ಅಥವಾ ಕ್ರೀಡೆಗೆ ಬೇಕಾದ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ತಿರುಗೀರುಗಳಿಲ್ಲದ ಬಂದೂಕಿಗೂ ಪರವಾನಗಿ ಕೊಡಬೇಕೆಂದು ಹೇಳುತ್ತದೆ. ಮದ್ದು ತುಂಬುವ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆ ರಕ್ಷಣೆಗೂ ಬೇರೆ ನಯನಳಿಗೆಯ ಬಂದೂಕನ್ನು ಮಂಜೂರು ಮಾಡಬಹುದು. ಪಿಸ್ತೂಲು, ರಿವಾಲ್ವರುಗಳು ಈ ಸಾಲಿನಲ್ಲಿ ಇಲ್ಲ. ಅವುಗಳನ್ನು ಕೇಳುವವನು ತನಗೆ ಅದು ಏಕೆ ಅಗತ್ಯವೆಂಬುದಕ್ಕೆ ಸಕಾರಣ ತೋರಿಸಬೇಕು. ವೃತ್ತಿ ಅಥವಾ ವ್ಯಾಪಾರದ ಸ್ವರೂಪದಿಂದಲೇ ಪ್ರಾಣಕ್ಕೋ ಆಸ್ತಿಗೋ ಅಪಾಯವಿರುವವರು, ಗುರಿ ಹೊಡೆಯುವ ಕ್ರೀಡಾಪಟುಗಳು, ರಕ್ಷಣಾ ಪಡೆಗಳಲ್ಲಿ ಸೇವೆ ಸಲ್ಲಿಸಿದವರು ಮೊದಲಾದವರ ಅರ್ಜಿಗಳನ್ನು ಪರಿಗಣಿಸಲು 2016ರ ನಿಯಮಗಳು ಸೂಚಿಸುತ್ತವೆ.

ಸಾಮಾನ್ಯ ನಾಗರಿಕನಿಗೆ ದೊರೆಯುವುದು ‘ನಿಷೇಧಿತವಲ್ಲದ’ ಅಳತೆಯ ಆಯುಧ ಮಾತ್ರ. ಪೊಲೀಸರು ಮತ್ತು ಸೈನಿಕರು ಬಳಸುವ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದೆ. ಆದ್ದರಿಂದ ಭಾರತದ ಪರವಾನಗಿದಾರರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಪಾಯಿಂಟ್ 32 ಅಳತೆಯ ರಿವಾಲ್ವರು ಮತ್ತು ಪಿಸ್ತೂಲುಗಳು. ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ತಯಾರಾಗುವ ಆರು ಗುಂಡಿನ ರಿವಾಲ್ವರು, ‘ಅಶನಿ’ ಎಂಬ ಪಿಸ್ತೂಲು, ಹಾಗೂ ಮಹಿಳೆಯರನ್ನು ಗಮನದಲ್ಲಿರಿಸಿಕೊಂಡು 2014ರಲ್ಲಿ ಕಾನ್ಪುರದಿಂದ ಹೊರತಂದ ಸುಮಾರು ಅರ್ಧ ಕಿಲೋಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರು ಇದೇ ವರ್ಗದವು. ನಿರ್ಭೀಕ್ ಬಿಡುಗಡೆಯಾದಾಗ ಅದರ ಬೆಲೆ ಒಂದು ಲಕ್ಷ ರೂಪಾಯಿಯನ್ನು ಮೀರಿತ್ತು. ಒಂದು ಸಾಧಾರಣ ಮೋಟಾರು ಸೈಕಲಿಗಿಂತ ಅದರ ಮೇಲಿನ ಸವಾರನ ಸೊಂಟದ ಆಯುಧವೇ ದುಬಾರಿ ಎಂಬ ವಿಚಿತ್ರ ಸಂಗತಿಯು ಇದರಿಂದ ತಿಳಿಯುತ್ತದೆ.

ಪರವಾನಗಿ

ಜಿಲ್ಲೆಯಲ್ಲಿ ಪರವಾನಗಿ ಪ್ರಾಧಿಕಾರವು ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ. ಬೆಂಗಳೂರು ನಗರದಂತಹ ಕಮಿಷನರೇಟ್ ಪ್ರದೇಶದಲ್ಲಿ ಪೊಲೀಸ್ ಆಯುಕ್ತರು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಮಾನಸಿಕ ಮತ್ತು ದೈಹಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಆಯುಧವನ್ನು ಭದ್ರವಾಗಿ ಇಡುವ ವ್ಯವಸ್ಥೆಯ ಬಗೆಗಿನ ಮುಚ್ಚಳಿಕೆ ಇವೆಲ್ಲ ಬೇಕಾಗುತ್ತವೆ. ಸಮೀಪದ ಪೊಲೀಸ್ ಠಾಣಾಧಿಕಾರಿಯಿಂದ ವರದಿ ತರಿಸಿಕೊಂಡ ಬಳಿಕ ತೀರ್ಮಾನವಾಗುತ್ತದೆ. ನಿಗದಿತ ಅವಧಿಯೊಳಗೆ ವರದಿ ಬಾರದಿದ್ದರೆ ಅದಕ್ಕಾಗಿ ಕಾಯದೆಯೇ ಆದೇಶ ಹೊರಡಿಸುವ ಅಧಿಕಾರವೂ ಜಿಲ್ಲಾ ದಂಡಾಧಿಕಾರಿಗೆ ಇದೆ. ಪ್ರತಿಯೊಬ್ಬ ಪರವಾನಗಿದಾರನ ವಿವರವೂ ರಾಷ್ಟ್ರೀಯ ದತ್ತಾಂಶ ಸಂಗ್ರಹದಲ್ಲಿ ಒಂದು ವಿಶಿಷ್ಟ ಸಂಖ್ಯೆಯಡಿ ದಾಖಲಾಗಿರಬೇಕು.

ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು 14ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಈ ಅಂಶವು ಬಹಳ ಮಂದಿಗೆ ತಿಳಿದಿಲ್ಲ. ನಿರಾಕರಣೆಯ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ನಿಯಮಗಳಲ್ಲಿ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿಸಿತು.

ಸವಾರಿಯಲ್ಲಿ ಆಯುಧ ಒಯ್ಯುವ ಕ್ರಮ

ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಹೇಗೆ ಒಯ್ಯಬೇಕೆಂಬುದನ್ನು 2016ರ ನಿಯಮಗಳು ಹಿಂದಿಗಿಂತ ಸ್ಪಷ್ಟವಾಗಿ ನಿರೂಪಿಸಿವೆ. ಪಿಸ್ತೂಲು ಅಥವಾ ರಿವಾಲ್ವರು ಅದಕ್ಕೆಂದೇ ತಯಾರಿಸಿದ ಹೋಲ್‌ಸ್ಟರ್ ಎಂಬ ಒರೆಯಲ್ಲಿ ಮೈಗೆ ಅಂಟಿಕೊಂಡಂತೆ ಇರಬೇಕು, ಇಲ್ಲವೇ ಅಂಥದೇ ಹೊದಿಕೆಯಲ್ಲಿ ಬೆನ್ನುಚೀಲದೊಳಗೆ ಇರಬೇಕು. ಆಯುಧವು ಪೂರ್ತಿಯಾಗಿ ಮರೆಯಾಗಿರಬೇಕು. ಒಯ್ಯುವವನಿಗೆ ಅದರ ಮೇಲೆ ಪರಿಣಾಮಕಾರಿಯಾದ ಹತೋಟಿ ಇರಬೇಕು. ಅದನ್ನು ಝಳಪಿಸುವುದಾಗಲಿ, ಸಾರ್ವಜನಿಕ ಸ್ಥಳದಲ್ಲಿ ಹಾರಿಸುವುದಾಗಲಿ ಸಲ್ಲದು. ಉಲ್ಲಂಘಿಸಿದರೆ ಪರವಾನಗಿಯೇ ಹೋಗಬಹುದು.

ಮೋಟಾರು ಸೈಕಲಿನ ಮಟ್ಟಿಗೆ ಈ ಮೂರು ಮಾತುಗಳು, ಎಂದರೆ ಮೈಗಂಟಿರುವಿಕೆ, ಮರೆ ಮತ್ತು ಹತೋಟಿ, ಮುಖ್ಯವಾದವು. ಕಾರಿನಲ್ಲಿ ಕುಳಿತವನ ಸುತ್ತ ಬಾಗಿಲು, ಗಾಜುಗಳಿವೆ. ಬೈಕಿನ ಸವಾರನು ಬಯಲಿನಲ್ಲಿ ಕುಳಿತಿದ್ದಾನೆ. ಗಾಳಿಗೆ ಅಂಗಿಯ ಅಥವಾ ಜಾಕೆಟ್ಟಿನ ಅಂಚು ಮೇಲೆದ್ದರೆ ಸೊಂಟದ ಆಯುಧವು ಹಿಂದಿನಿಂದ ಬರುವವರಿಗೆಲ್ಲ ಕಾಣುತ್ತದೆ. ಆಗ ‘ಪೂರ್ತಿ ಮರೆ’ ಎಂಬ ಷರತ್ತು ತಪ್ಪುತ್ತದೆ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿ, ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲ, ಪಕ್ಕದ ಪೆಟ್ಟಿಗೆ ಇವು ಆಯುಧವನ್ನು ಮರೆಮಾಡುತ್ತವೆ ನಿಜ. ಆದರೆ ಅಲ್ಲಿಟ್ಟ ಆಯುಧವು ಮೈಮೇಲಿನ ಒರೆಯಲ್ಲೂ ಇಲ್ಲ, ಬೆನ್ನುಚೀಲದಲ್ಲೂ ಇಲ್ಲ. ಸವಾರನು ಚನ್ನಪಟ್ಟಣದ ಹೋಟೆಲಿನ ಮುಂದೆ ಬೈಕು ನಿಲ್ಲಿಸಿ ಕಾಫಿ ಕುಡಿಯಲು ಒಳಗೆ ಹೋದನೆಂದರೆ ಡಿಕ್ಕಿಯೊಳಗಿನ ಪಿಸ್ತೂಲಿನ ಮೇಲೆ ಅವನಿಗೆ ಯಾವ ಹತೋಟಿಯೂ ಉಳಿಯುವುದಿಲ್ಲ. ದ್ವಿಚಕ್ರ ವಾಹನದ ಬೀಗಗಳು ಎಷ್ಟು ದುರ್ಬಲವೆಂಬುದನ್ನು ವಿವರಿಸಬೇಕಾಗಿಲ್ಲ.

ಬೀಳುವ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆನ್ನುಮೂಳೆಯ ನೇರಕ್ಕೆ ಸಿಕ್ಕಿಸಿಕೊಂಡ ಗಟ್ಟಿ ಲೋಹದ ವಸ್ತುವು ಸವಾರನು ಮಲಗಿಬಿದ್ದಾಗ ಬೆನ್ನಿಗೇ ಪೆಟ್ಟು ಕೊಡುತ್ತದೆ. ಒರೆಯಿಲ್ಲದೆ ಪ್ಯಾಂಟಿನ ಅಂಚಿಗೆ ಸಿಕ್ಕಿಸಿದ್ದು ಉಬ್ಬು ತಗ್ಗುಗಳಲ್ಲಿ ಜಾರಿ ರಸ್ತೆಗೆ ಬೀಳಬಹುದು. ಕುದುರೆ ಗುಂಡಿಯನ್ನು ಪೂರ್ತಿ ಮುಚ್ಚುವ, ಮೇಲೆ ಪಟ್ಟಿ ಅಥವಾ ಗುಂಡಿ ಇರುವ ಗಟ್ಟಿ ಒರೆಯೇ ಸವಾರಿಗೆ ಯೋಗ್ಯ. ಮಳೆಗಾಲದಲ್ಲಿ ನೆನೆದ ಚರ್ಮದ ಒರೆಯು ಆಯುಧಕ್ಕೆ ತುಕ್ಕು ಹಿಡಿಸುತ್ತದೆ. ಪ್ರಯಾಣ ಮುಗಿದೊಡನೆ ಒರೆಸಿಡುವುದು ವಾಡಿಕೆ. ಅಪಘಾತವಾಗಿ ಪ್ರಜ್ಞೆ ತಪ್ಪಿದ ಸವಾರನ ಸೊಂಟದ ಆಯುಧವು ಯಾರ ಕೈ ಸೇರುತ್ತದೆಂಬ ಪ್ರಶ್ನೆಗೆ ಯಾವ ನಿಯಮದಲ್ಲಿಯೂ ನೇರ ಉತ್ತರವಿಲ್ಲ. ಪರವಾನಗಿಯನ್ನು ಆಯುಧದೊಡನೆಯೇ ಇಟ್ಟುಕೊಂಡಿದ್ದರೆ ಪೊಲೀಸರಿಗಾದರೂ ಸಂಗತಿ ಬೇಗ ತಿಳಿಯುತ್ತದೆ.

ಹಿಂಬದಿ ಸವಾರನ ವಿಷಯದಲ್ಲಿ ಕಾಯ್ದೆಯು ಒಂದು ಸಣ್ಣ ವಿನಾಯಿತಿ ಕೊಟ್ಟಿದೆ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ, ದುರಸ್ತಿಗಾಗಲಿ, ಪರವಾನಗಿ ನವೀಕರಣಕ್ಕಾಗಲಿ, ಪರವಾನಗಿದಾರನ ಬಳಕೆಗಾಗಲಿ ಬೇರೊಬ್ಬನು ಆಯುಧವನ್ನು ಒಯ್ಯಬಹುದು. ತಂದೆಯು ಬೈಕು ನಡೆಸುತ್ತ, ಹಿಂದೆ ಕುಳಿತ ವಯಸ್ಕ ಮಗನ ಕೈಯಲ್ಲಿ ಹೊದಿಕೆ ಹಾಕಿದ ಕೋವಿ ಇರುವುದು ಆ ಮಾತ್ರಕ್ಕೆ ಅಪರಾಧವಲ್ಲ. ಮಗನೊಬ್ಬನೇ ತಂದೆಯ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೊರಟರೆ ಅದು ಪರವಾನಗಿಯಿಲ್ಲದ ಆಯುಧವೇ ಆಗುತ್ತದೆ. ಉದ್ದ ಕೋವಿಯನ್ನು ಹೆಗಲಿಗೆ ಬರಿದೇ ನೇತುಹಾಕಿಕೊಂಡು ಬೈಕಿನಲ್ಲಿ ಸಾಗುವುದು ಹಳ್ಳಿಗಾಡಿನಲ್ಲಿ ಹಿಂದೆ ಸಹಜವಾಗಿದ್ದರೂ ಈಗಿನ ನಿಯಮದಂತೆ ಅದಕ್ಕೂ ಹೊದಿಕೆ ಕಡ್ಡಾಯ.

ವ್ಯಾಪ್ತಿ ಪ್ರದೇಶ ಮತ್ತು ರಸ್ತೆಗಳು

ಪರವಾನಗಿ ಪತ್ರದಲ್ಲಿ ಅದು ಯಾವ ಪ್ರದೇಶಕ್ಕೆ ಸಿಂಧು ಎಂಬ ಅಂಕಣವಿರುತ್ತದೆ. ಜಿಲ್ಲೆಗೆ ಮಾತ್ರ ಸೀಮಿತವಾದ ಪರವಾನಗಿ, ಇಡೀ ರಾಜ್ಯಕ್ಕೆ ಸಲ್ಲುವ ಪರವಾನಗಿ, ಇಡೀ ದೇಶಕ್ಕೆ ಸಲ್ಲುವ ಪರವಾನಗಿ ಎಂದು ಸ್ಥೂಲವಾಗಿ ಹೇಳಬಹುದು. ರಾಮನಗರ ಜಿಲ್ಲೆಗಷ್ಟೇ ಸಲ್ಲುವ ಪರವಾನಗಿ ಉಳ್ಳವನು ಬಿಡದಿಯನ್ನು ದಾಟಿ ಬೆಂಗಳೂರಿನತ್ತ ಸಾಗಿದರೆ, ಮದ್ದೂರಿನ ಕಡೆ ಹೊರಟು ಮಂಡ್ಯ ಜಿಲ್ಲೆಗೆ ಕಾಲಿಟ್ಟರೆ, ಅಥವಾ ಮಾಗಡಿಯಿಂದ ಕುಣಿಗಲ್ಲಿಗೆ ಹೋದರೆ ತನ್ನ ವ್ಯಾಪ್ತಿಯನ್ನು ಮೀರಿದಂತೆ. ಈ ಊರುಗಳ ನಡುವೆ ದಿನವೂ ಓಡಾಡುವ ಜನರಿಗೆ ಜಿಲ್ಲೆಯ ಗಡಿ ಕಣ್ಣಿಗೆ ಕಾಣುವ ವಸ್ತುವಲ್ಲ; ಪರವಾನಗಿಗೆ ಮಾತ್ರ ಅದು ಗೋಡೆಯಂತೆ ಇದೆ. ಕನಕಪುರ ತಾಲ್ಲೂಕಿನ ಆಗ್ನೇಯದ ಕಾಡಿನಾಚೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ ಇರುವುದರಿಂದ ಅಲ್ಲಿ ರಾಜ್ಯದ ಗಡಿಯ ಪ್ರಶ್ನೆಯೂ ಸೇರುತ್ತದೆ. ಕೆಲಸದ ನಿಮಿತ್ತ ಹೊರಗೆ ಹೋಗಬೇಕಾದವರು ವ್ಯಾಪ್ತಿ ವಿಸ್ತರಣೆಗೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಬೇಕು.

ಬೆಂಗಳೂರು–ಮೈಸೂರು ದಶಪಥವು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಗಿದೆ. ಆದ್ದರಿಂದ ಬೈಕಿನ ಸವಾರರು ಸರ್ವೀಸ್ ರಸ್ತೆಯಲ್ಲಿ, ಬಿಡದಿ, ರಾಮನಗರ, ಚನ್ನಪಟ್ಟಣ ಪೇಟೆಗಳ ಜನಜಂಗುಳಿಯ ನಡುವೆಯೇ ಸಾಗುತ್ತಾರೆ. ಹೆದ್ದಾರಿಯಲ್ಲಿ ನಿಲ್ಲದೆ ಹಾದುಹೋಗುವ ಕಾರಿನವನಿಗಿಂತ ಇವರು ಪೊಲೀಸ್ ತಪಾಸಣೆಗೆ ಸಿಗುವ ಸಂದರ್ಭ ಹೆಚ್ಚು.

ಅರಣ್ಯ ಮತ್ತು ವನ್ಯಧಾಮಗಳು

ಈ ಸೀಮೆಯ ಪರವಾನಗಿದಾರರು ಹೆಚ್ಚಾಗಿ ಗಮನಿಸದ, ಆದರೆ ಅತಿ ಮುಖ್ಯವಾದ ನಿರ್ಬಂಧವು ಆಯುಧ ಕಾಯ್ದೆಯಲ್ಲಿ ಇಲ್ಲ, ವನ್ಯಜೀವಿ ಕಾಯ್ದೆಯಲ್ಲಿದೆ. ಅದರ 31ನೆಯ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ವನ್ಯಧಾಮವನ್ನು ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಆಯುಧ ಪರವಾನಗಿಯು ಈ ಅನುಮತಿಗೆ ಬದಲಿಯಾಗಲಾರದು.

ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಕನಕಪುರದ ಮೂಲಕ ಸಂಗಮ ಮತ್ತು ಮೇಕೆದಾಟುಗಳಿಗೆ ಬೈಕಿನಲ್ಲಿ ಬರುವವರು ಬಹಳ. ಆ ಸ್ಥಳಗಳು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮದ ಪ್ರದೇಶದಲ್ಲಿವೆ. ರಾಜ್ಯವ್ಯಾಪಿ ಪರವಾನಗಿಯುಳ್ಳ ಸವಾರನು, ದಾರಿಯುದ್ದಕ್ಕೂ ಎಲ್ಲ ನಿಯಮಗಳನ್ನು ಪಾಲಿಸಿದ್ದರೂ, ಸೊಂಟದ ಪಿಸ್ತೂಲಿನೊಡನೆ ಧಾಮದ ಗಡಿಯನ್ನು ದಾಟಿದ ಕ್ಷಣದಲ್ಲಿ ಬೇರೊಂದು ಕಾನೂನಿನ ಅಪರಾಧಿಯಾಗುತ್ತಾನೆ. ಮೂರು ವರ್ಷಗಳವರೆಗೆ ಕಾರಾಗೃಹ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಅದೇ ಕಾಯ್ದೆಯ 34ನೆಯ ಪ್ರಕರಣವು ವನ್ಯಧಾಮದ ಒಳಗೆ ಅಥವಾ ಅದರ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕೆಂದೂ, ಆ ಹತ್ತು ಕಿಲೋಮೀಟರಿನೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಇಲ್ಲದೆ ಹೊಸ ಪರವಾನಗಿ ಕೊಡಬಾರದೆಂದೂ ವಿಧಿಸುತ್ತದೆ. 2022ರ ತಿದ್ದುಪಡಿಯು ನವೀಕರಣವನ್ನೂ ಅರಣ್ಯಾಧಿಕಾರಿಗಳ ಗಮನಕ್ಕೆ ತರಬೇಕೆಂದು ಸೇರಿಸಿತು. ರಾಮನಗರ ಪಟ್ಟಣಕ್ಕೆ ಅಂಟಿಕೊಂಡಂತಿರುವ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಲಾಗಿದೆ. ಅದರ ವಿಸ್ತೀರ್ಣ ಸುಮಾರು 346 ಹೆಕ್ಟೇರು ಮಾತ್ರ. ಆದರೂ ಹತ್ತು ಕಿಲೋಮೀಟರಿನ ವೃತ್ತವನ್ನು ಎಳೆದರೆ ಇಡೀ ರಾಮನಗರ ಪಟ್ಟಣವೇ ಅದರೊಳಗೆ ಬೀಳುತ್ತದೆ. ಹದ್ದುಗಳಿಗಾಗಿ ಮಾಡಿದ ಈ ಚಿಕ್ಕ ಧಾಮವು ರೇಷ್ಮೆ ವ್ಯಾಪಾರಿಯೊಬ್ಬನ ಪಿಸ್ತೂಲು ಅರ್ಜಿಯನ್ನು ಅರಣ್ಯ ಇಲಾಖೆಯ ಮೇಜಿಗೆ ಕಳುಹಿಸುವುದು ಹೀಗೆ. ಕನಕಪುರ ಮತ್ತು ಹಾರೋಹಳ್ಳಿ ಕಡೆಯ ಅನೇಕ ಹಳ್ಳಿಗಳು ಬನ್ನೇರುಘಟ್ಟ ಹಾಗೂ ಕಾವೇರಿ ಧಾಮಗಳ ಇಂತಹದೇ ವೃತ್ತಗಳಲ್ಲಿ ಸೇರುತ್ತವೆ.

ಜಾತ್ರೆ, ಮೆರವಣಿಗೆ ಮತ್ತು ಶಾಲೆಗಳು

ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ ಅಥವಾ ಸಾರ್ವಜನಿಕ ಸಭೆಗೆ ಆಯುಧವನ್ನು ಕೊಂಡೊಯ್ಯಬಾರದೆಂಬುದು ಪರವಾನಗಿಯ ಹಳೆಯ ಷರತ್ತು. ಕೆಂಗಲ್ ಆಂಜನೇಯನ ದನಗಳ ಜಾತ್ರೆ, ಕಬ್ಬಾಳಮ್ಮನ ಜಾತ್ರೆ, ಮಾಗಡಿ ರಂಗನಾಥಸ್ವಾಮಿಯ ತೇರು, ರಾಮನಗರದ ಚಾಮುಂಡೇಶ್ವರಿ ಕರಗ ಇವೆಲ್ಲ ಈ ಷರತ್ತಿಗೆ ಒಳಪಡುತ್ತವೆ. ದನ ಕೊಳ್ಳಲು ನಗದು ಹಣ ತರುವವನು ರಕ್ಷಣೆಗೆಂದು ಪಿಸ್ತೂಲನ್ನೂ ತಂದರೆ ಉದ್ದೇಶ ಎಷ್ಟೇ ಸಮಂಜಸವಾಗಿದ್ದರೂ ಷರತ್ತು ಮುರಿದಂತಾಗುತ್ತದೆ.

ಶಿಕ್ಷಣ ಸಂಸ್ಥೆಗಳ ಆವರಣಕ್ಕೂ ಇದೇ ನಿಷೇಧವಿದೆ. ಬೆಳಿಗ್ಗೆ ಮಗುವನ್ನು ಬೈಕಿನಲ್ಲಿ ಶಾಲೆಗೆ ಬಿಡಲು ಬರುವ ಪರವಾನಗಿದಾರನು ಗೇಟಿನ ಒಳಗೆ ಬಂದರೆ, ಅಂಗಿಯ ಕೆಳಗಿನ ಆಯುಧವು ಯಾರ ಕಣ್ಣಿಗೂ ಬೀಳದಿದ್ದರೂ ಅದು ಉಲ್ಲಂಘನೆಯೇ. ಮನೆಯಲ್ಲಿ ಬಿಟ್ಟು ಬರುವುದೊಂದೇ ಇದಕ್ಕೆ ದಾರಿ.

ಮದುವೆ, ಉತ್ಸವಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿಯು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕಾಗಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಹಾರಿಸಿದರೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ಚುನಾವಣೆಯ ಕಾಲ

ಚುನಾವಣೆ ಘೋಷಣೆಯಾದ ಬಳಿಕ ಪರವಾನಗಿದಾರರು ತಮ್ಮ ಆಯುಧಗಳನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡುವಂತೆ ಜಿಲ್ಲಾಡಳಿತವು ಆದೇಶಿಸುತ್ತದೆ. ಯಾರ ಆಯುಧ ಪಡೆಯಬೇಕೆಂಬುದನ್ನು ಜಿಲ್ಲಾ ದಂಡಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿಯು ನಿರ್ಧರಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಬ್ಯಾಂಕ್ ಕಾವಲುಗಾರರು, ಸ್ಪರ್ಧೆಗಳಲ್ಲಿ ಭಾಗವಹಿಸುವ ಗುರಿಕಾರರು ಮೊದಲಾದವರಿಗೆ ವಿನಾಯಿತಿ ದೊರೆಯುತ್ತದೆ. ಫಲಿತಾಂಶದ ನಂತರ ಆಯುಧವನ್ನು ಹಿಂದಿರುಗಿಸಲಾಗುತ್ತದೆ. ಮತಗಟ್ಟೆಯ ಸಮೀಪ ಆಯುಧಧಾರಿಯಾಗಿ ಹೋಗುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ಬಿ ಪ್ರಕರಣದಂತೆ ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

ಪಿಸ್ತೂಲು ಹೊಂದಿದ ಪೇಟೆಯವನಿಗೆ ಠೇವಣಿಯಿಂದ ಆಗುವ ತೊಂದರೆ ಅಲ್ಪ. ಬೆಳೆ ರಕ್ಷಣೆಯ ಕೋವಿಯ ಕತೆ ಬೇರೆ. ಚನ್ನಪಟ್ಟಣದ ಮತದಾರರು 2023ರ ಮೇ ತಿಂಗಳಿನಲ್ಲಿ ವಿಧಾನಸಭೆಗೆ, 2024ರ ಏಪ್ರಿಲಿನಲ್ಲಿ ಲೋಕಸಭೆಗೆ, ಅದೇ ವರ್ಷದ ನವೆಂಬರ್ 13ರಂದು ಮತ್ತೆ ವಿಧಾನಸಭೆಯ ಉಪಚುನಾವಣೆಗೆ ಮತ ಹಾಕಿದರು. ಕೊನೆಯದು ರಾಗಿಯ ತೆನೆ ಬಲಿಯುವ, ಆನೆ ಹಂದಿಗಳು ಹೊಲಕ್ಕಿಳಿಯುವ ಕಾಲ. ಕೋವಿಯನ್ನು ಠಾಣೆಗೆ ಕೊಟ್ಟ ರೈತನಿಗೆ ಅಂತಹ ರಾತ್ರಿಗಳಲ್ಲಿ ಪಟಾಕಿ, ತಮಟೆ, ಬೆಂಕಿಯಷ್ಟೇ ಉಳಿಯುತ್ತವೆ. ಎಲ್ಲ ಪರವಾನಗಿದಾರರಿಗೂ ಒಂದೇ ಅಳತೆಯ ಆದೇಶವು ಕಾಡಂಚಿನ ಸಣ್ಣ ರೈತನ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ. ವಿನಾಯಿತಿ ಬೇಕಾದವರು ಪರಿಶೀಲನಾ ಸಮಿತಿಗೆ ಕಾರಣಸಹಿತ ಮನವಿ ಸಲ್ಲಿಸಬಹುದು.

ತಪಾಸಣೆ ಮತ್ತು ಶಿಕ್ಷೆ

ಆಯುಧ ಒಯ್ಯುತ್ತಿರುವ ಯಾರಿಂದಲಾದರೂ ಪರವಾನಗಿಯನ್ನು ತೋರಿಸೆಂದು ಕೇಳುವ ಅಧಿಕಾರವು 19ನೆಯ ಪ್ರಕರಣದಡಿ ಯಾವುದೇ ಪೊಲೀಸ್ ಅಧಿಕಾರಿಗೆ ಇದೆ. ತೋರಿಸದಿದ್ದರೆ ಹೆಸರು ವಿಳಾಸ ಪಡೆದು ಆಯುಧವನ್ನು ವಶಪಡಿಸಿಕೊಳ್ಳಬಹುದು. ಹೆಸರನ್ನೂ ಹೇಳದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಹೆಲ್ಮೆಟ್ ಅಥವಾ ಚಾಲನಾ ಪರವಾನಗಿಯ ತಪಾಸಣೆಗೆ ನಿಲ್ಲಿಸಿದಾಗ ಕಾಗದ ತೆಗೆಯಲು ಸವಾರನು ಥಟ್ಟನೆ ಸೊಂಟದತ್ತ ಕೈಹಾಕುವುದು ಅವಿವೇಕ. ಬೈಕನ್ನು ನಿಲ್ಲಿಸಿ, ಕೈಗಳು ಕಾಣುವಂತೆ ಇಟ್ಟುಕೊಂಡು, ಪರವಾನಗಿ ಆಯುಧವಿದೆ ಎಂದು ಮೊದಲು ಬಾಯಲ್ಲಿ ತಿಳಿಸುವುದು ಇಬ್ಬರಿಗೂ ಕ್ಷೇಮ. ಮದ್ಯಪಾನ ಮಾಡಿ ವಾಹನ ನಡೆಸಿ ಸಿಕ್ಕಿಬಿದ್ದವನ ಬಳಿ ಆಯುಧವೂ ಇದ್ದರೆ ಮೋಟಾರು ವಾಹನ ಕಾಯ್ದೆಯ ದಂಡದೊಡನೆ ಪರವಾನಗಿಗೂ ಕುತ್ತು ಬರಬಹುದು. ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಯ ದೃಷ್ಟಿಯಿಂದ ಪರವಾನಗಿಯನ್ನು ಅಮಾನತುಗೊಳಿಸುವ ಅಥವಾ ರದ್ದುಗೊಳಿಸುವ ಅಧಿಕಾರವನ್ನು 17ನೆಯ ಪ್ರಕರಣವು ಕೊಟ್ಟಿದೆ.

ಪರವಾನಗಿಯಿಲ್ಲದೆ ಬಂದೂಕು ಹೊಂದಿದರೆ ಅಥವಾ ಒಯ್ದರೆ ಎರಡರಿಂದ ಐದು ವರ್ಷಗಳ ಸೆರೆ ಮತ್ತು ದಂಡವಿದೆ. 2019ಕ್ಕೆ ಮುಂಚೆ ಇದು ಒಂದರಿಂದ ಮೂರು ವರ್ಷ ಇತ್ತು. ಷರತ್ತಿನ ಉಲ್ಲಂಘನೆಗೆ 30ನೆಯ ಪ್ರಕರಣದಡಿ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ಚಿಕ್ಕದಾಗಿ ಕಂಡರೂ ಪರವಾನಗಿ ರದ್ದಾಗುವುದೇ ಪರವಾನಗಿದಾರನಿಗೆ ನಿಜವಾದ ನಷ್ಟ.

ಆಯುಧವನ್ನು ಬಳಸಿದಾಗ ಅದು ಸರಿಯೋ ತಪ್ಪೋ ಎಂಬುದು ಪರವಾನಗಿಯಿಂದ ತೀರ್ಮಾನವಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳಲ್ಲಿ ಹೇಳಿರುವ ಖಾಸಗಿ ರಕ್ಷಣೆಯ ಹಕ್ಕಿನ ಮಿತಿಯೊಳಗೆ ಅದು ಇರಬೇಕು. ರಸ್ತೆಯಲ್ಲಿ ವಾಹನ ತಾಗಿದ್ದಕ್ಕೆ ಎದ್ದ ಜಗಳದಲ್ಲಿ ಪಿಸ್ತೂಲು ತೋರಿಸುವುದು ಆ ಮಿತಿಯೊಳಗೆ ಬರುವುದಿಲ್ಲ.

ಕೊಡಗು ಮತ್ತು ಹೊರಗಿನ ನಾಡುಗಳು

ಕರ್ನಾಟಕದಲ್ಲಿಯೇ ಕೊಡಗಿನ ಸ್ಥಿತಿ ಭಿನ್ನ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯು ಆಯುಧ ಕಾಯ್ದೆಯ 41ನೆಯ ಪ್ರಕರಣದಡಿ ಮುಂದುವರಿದಿದ್ದು, ಕೇಂದ್ರ ಗೃಹ ಸಚಿವಾಲಯವು 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ರಾಮನಗರ ಸೀಮೆಯ ಯಾವ ಸಮುದಾಯಕ್ಕೂ ಅಂತಹ ವಿನಾಯಿತಿ ಇಲ್ಲ. ಕೊಡಗಿನಲ್ಲಿ ಕಂಡದ್ದನ್ನು ಇಲ್ಲಿಗೂ ಅನ್ವಯಿಸಿ ಮಾತನಾಡುವುದು ಆಗಾಗ ಕೇಳಿಬರುತ್ತದೆ.

ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಪಿಸ್ತೂಲು ಒಯ್ಯಲು ಪರವಾನಗಿಯೇ ಬೇಕಿಲ್ಲ; ಮನೆಯ ಹೊರಗೆ ಆಯುಧ ಒಯ್ಯುವುದು ಸಂವಿಧಾನದತ್ತ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. ಇದಕ್ಕೆ ತದ್ವಿರುದ್ಧವಾಗಿ ಬ್ರಿಟನ್ನಿನಲ್ಲಿ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ತರುವಾಯ, 1997ರಲ್ಲಿ ಖಾಸಗಿ ಪಿಸ್ತೂಲುಗಳನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ಭಾರತದ ಸಂವಿಧಾನದಲ್ಲಿ ಆಯುಧ ಹೊಂದುವ ಮೂಲಭೂತ ಹಕ್ಕು ಇಲ್ಲ; ಸಭೆ ಸೇರುವ ಹಕ್ಕನ್ನು ಕೊಡುವ 19ನೆಯ ವಿಧಿಯು ಅದು ಶಾಂತಿಯುತವಾಗಿಯೂ ಆಯುಧರಹಿತವಾಗಿಯೂ ಇರಬೇಕೆನ್ನುತ್ತದೆ.

ಕಳೆದುಹೋದಾಗ

ಸವಾರಿಯಲ್ಲಿ ಆಯುಧ ಬಿದ್ದುಹೋದರೆ ಅ‌ಥವಾ ಕಳವಾದರೆ ಸಮೀಪದ ಪೊಲೀಸ್ ಠಾಣೆಗೆ ಕೂಡಲೇ ತಿಳಿಸುವುದು ಪರವಾನಗಿಯ ಷರತ್ತು. ಸಿಗಬಹುದೆಂದು ಹುಡುಕುತ್ತ ದಿನಗಳನ್ನು ಕಳೆದರೆ ಅದೇ ಒಂದು ಉಲ್ಲಂಘನೆಯಾಗುತ್ತದೆ. ದೂರಿನಲ್ಲಿ ಆಯುಧದ ಕ್ರಮಸಂಖ್ಯೆ, ತಯಾರಕರ ಹೆಸರು, ಅಳತೆ, ಒಳಗಿದ್ದ ಗುಂಡುಗಳ ಸಂಖ್ಯೆ ಮತ್ತು ಹೊರಟ ಸ್ಥಳದಿಂದ ಗಮನಕ್ಕೆ ಬಂದ ಸ್ಥಳದವರೆಗಿನ ದಾರಿ ಇರಬೇಕಾಗುತ್ತದೆ. ಇವುಗಳಲ್ಲಿ ಮೊದಲ ಮೂರು ವಿವರಗಳು ಪರವಾನಗಿ ಪತ್ರದಲ್ಲಿಯೇ ಇರುವುದರಿಂದ ಅದರ ನಕಲೊಂದನ್ನು ಮನೆಯಲ್ಲಿ ಪ್ರತ್ಯೇಕವಾಗಿ ಇಟ್ಟಿರುವವರಿಗೆ ದೂರು ಬರೆಯುವುದು ಸುಲಭವಾಗುತ್ತದೆ.